ಯಾರೂ ನಂಬದ ಸುಳ್ಳು

ವಿದೇಶಕ್ಕೆ ಹೋಗಿಬಂದವರಿಗೆ ನಮ್ಮ ಓಣಿಯಲ್ಲಿ ಈಗ ಬರವಿಲ್ಲ. ಸಿಂಗಪುರದ ಮಾತು ಬಂದರೆ ಒಬ್ಬರು, ದುಬೈ ಮಾತು ಬಂದರೆ ಇನ್ನೊಬ್ಬರು ಕುರ್ಚಿ ಮುಂದಕ್ಕೆಳೆದು ಕೂರುತ್ತಾರೆ. ನಾನು ದಾಟಿದ ಗಡಿಗೆ ಪಾಸ್‌ಪೋರ್ಟೂ ಬೇಡ, ವಿಮಾನವೂ ಬೇಡ. ನಿಪ್ಪಾಣಿ ಹಿಂದೆ ಬಿದ್ದು, ದೂಧಗಂಗಾ ನದಿಯ ಸೇತುವೆಗೆ ಬಸ್ಸು ಬಂದಾಗ ಜೇಬಿನ ಫೋನು ಒಮ್ಮೆ ನಡುಗಿ ಮಹಾರಾಷ್ಟ್ರಕ್ಕೆ ಸ್ವಾಗತ ಅನ್ನುತ್ತದೆ. ಅಷ್ಟೇ ನನ್ನ ವಿದೇಶ. ಆದರೂ ದಾವಣಗೆರೆಯಲ್ಲಿ ಕೂತು ಓದುವ ನಿಮಗೆ ಇದನ್ನು ಹೇಳಲೇಬೇಕು ಅನ್ನಿಸಿದೆ. ಸಿಂಗಪುರಕ್ಕೆ ಹೋದವರು ನೋಡಿಬಂದ ಯಾವ ಕಟ್ಟಡವೂ ಅವರನ್ನು ಹೀಗೆ ಬೆಚ್ಚಿಬೀಳಿಸಿರಲಾರದು.

ನಾನು ಹೋದದ್ದು ಊಟಕ್ಕೆ. ನಮ್ಮ ದೊಡ್ಡವ್ವನ ಮಗಳು ಶಾಂತಕ್ಕ ಇಚಲಕರಂಜಿಯಲ್ಲಿ ಮಗ್ಗದ ಕೆಲಸಗಾರರಿಗೆ ಖಾನಾವಳಿ ನಡೆಸುತ್ತಾಳೆ. ರಬಕವಿಯಿಂದ ಗಂಡನ ಹಿಂದೆ ಹೋದವಳು ಅಲ್ಲಿಯವಳೇ ಆಗಿಬಿಟ್ಟಳು. ಊರಿಗೆ ಊರೇ ತನ್ನ ಕೈಯ ಊಟ ಉಂಡಿದೆ, ತಮ್ಮ ಒಬ್ಬ ಉಂಡಿಲ್ಲ ಎಂದು ಫೋನಿನಲ್ಲಿ ಬೈಯುತ್ತಲೇ ಇದ್ದಳು. ನನಗೂ ಆ ಕಡೆಯ ಮಾತೆಂದರೆ ಆಸೆ. ನನಗೆ ಮಾತು ಬಂದದ್ದೇ ರಬಕವಿಯ ಅಜ್ಜಿಯಿಂದ, ಅವಳ ಸಂಗಡ ಎಲೆ ಅಡಿಕೆ ಹಾಕಲು ಬರುತ್ತಿದ್ದ ಮುದುಕಿಯರಿಂದ. ಹಾಗಾಗಿ ಆ ಭಾಷೆಯಲ್ಲಿ ನಾನು ಬಾಯಿ ತೆರೆದರೆ ಈಗಿನವರು ನಗುತ್ತಾರೆ. ಅವರ ಮುತ್ತಜ್ಜಿ ಎದ್ದುಬಂದು ಮಾತಾಡಿದ ಹಾಗಿರುತ್ತದಂತೆ.

ಕೊಲ್ಹಾಪುರ

ಬಸ್ಸಿಳಿದು ಹತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಕೊಂಡಿತು. ಚಪ್ಪಲಿ ಕಿತ್ತುಹೋಗಲು ಇದಕ್ಕಿಂತ ಒಳ್ಳೆಯ ಊರು ಭೂಮಿಯ ಮೇಲೆ ಇನ್ನೊಂದಿಲ್ಲ. ಒಂದು ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಚಪ್ಪಲಿ ಓಣಿಗೆ ನಡೆದೆ. ನನ್ನ ಅವಸ್ಥೆ ನೋಡಿ ಎರಡೂ ಬದಿಯ ಅಂಗಡಿಯವರು ಕೈಮಾಡಿ ಕರೆದರು. ಕರೆಯದೆ ಸುಮ್ಮನೆ ಎಣ್ಣೆ ಉಜ್ಜುತ್ತ ಕೂತಿದ್ದ ಒಬ್ಬ ವಯಸ್ಸಾದವರ ಅಂಗಡಿಗೆ ಹೋದೆ.

ಆ ಮನುಷ್ಯ ಚಪ್ಪಲಿ ಮಾರಿದ ರೀತಿಯನ್ನು ನಾನು ನಿಧಾನವಾಗಿ ಹೇಳಬೇಕು. ಮೊದಲು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು. ನಾನು ಆಸೆಪಟ್ಟ ಜೋಡಿಯನ್ನು ಇದು ನಿಮಗಲ್ಲ ಎಂದು ಕಿತ್ತುಕೊಂಡರು. ಬೇರೊಂದನ್ನು ಕೊಟ್ಟು, ಓಣಿಯ ತುದಿಯವರೆಗೆ ಹೋಗಿಬನ್ನಿ ಅಂದರು. ನಾನು ಕರ್ರಕರ್ರ ಸದ್ದು ಮಾಡುತ್ತ ಹೋಗಿಬಂದು, ಬೆರಳಿಗೆ ಕಚ್ಚುತ್ತದೆ ಅಂದೆ. ಒಂದು ವಾರ ಕಚ್ಚುತ್ತದೆ, ಆಮೇಲೆ ಬಿಡು ಅಂದರೂ ಬಿಡುವುದಿಲ್ಲ ಅಂದರು. ಸುಳ್ಳಿರಬಹುದು ಅಂದೆ. "ಪಾಯ್ ಸಾಂಗೇಲ್" ಎಂದು ನಕ್ಕರು. ನಿಮ್ಮ ಕಾಲೇ ಹೇಳುತ್ತದೆ ಅಂತ. ನಾನು ಎದ್ದು ಎರಡು ಅಂಗಡಿ ತಿರುಗಿ ಮತ್ತೆ ಅಲ್ಲಿಗೇ ಬಂದೆ. ನಮ್ಮ ದಾವಣಗೆರೆಯಲ್ಲಿ ಸೀರೆ ಅಂಗಡಿಯವರೂ ಹೀಗೇ ಗಿರಾಕಿಯನ್ನು ಒಲಿಸುತ್ತಾರೆ. ಆದರೆ ಅಲ್ಲಿ ಸೆರಗು ಮಾತಾಡುತ್ತದೆ, ಇಲ್ಲಿ ಕಾಲು ಮಾತಾಡಬೇಕು.

ಮಾರುವವರಿಗೆ ಮಾರುವ ಅಗತ್ಯ ಇದ್ದೇ ಇತ್ತು. ಅದನ್ನು ಅವರೇನು ಮುಚ್ಚಿಡಲಿಲ್ಲ. ಆದರೆ ನಾನು ಹೌದು ಅನ್ನುವವರೆಗೆ ಅವರು ಕಾಯಬೇಕಿತ್ತು. ನನ್ನ ಹೌದಿಗೆ ಬೆಲೆ ಇತ್ತು. ಇದನ್ನು ಯಾಕಿಷ್ಟು ಹಿಂಜುತ್ತಿದ್ದೇನೆಂದು ಕೇಳಬೇಡಿ. ಆ ಮಧ್ಯಾಹ್ನ ನನಗೂ ಇದೆಲ್ಲ ಹೊಳೆದಿರಲಿಲ್ಲ. ಅದೇ ಜೋಡಿಯನ್ನು ಕೊಂಡು, ಮೆಟ್ಟಿಕೊಂಡು, ಕುಂಟುತ್ತ ಇಚಲಕರಂಜಿಯ ಬಸ್ಸು ಹತ್ತಿದೆ.

ಹಾತಕಣಂಗಲೆ ದಾಟುವಾಗ

ಪಕ್ಕದ ಸೀಟಿನಲ್ಲಿ ದತ್ತವಾಡದ ಕಬ್ಬಿನ ರೈತರೊಬ್ಬರು, ಬಿಳಿ ಟೋಪಿ, ಮಡಿಲಲ್ಲಿ ಜಯಸಿಂಗಪುರದ ಭಡಂಗದ ಪೊಟ್ಟಣ. ಭಡಂಗ ಅಂದರೆ ಬೆಳ್ಳುಳ್ಳಿ, ಶೇಂಗಾ, ಕಾರ ಹಚ್ಚಿದ ಮಂಡಕ್ಕಿ. ದಾವಣಗೆರೆಯವನ ಮುಂದೆ ಯಾರಾದರೂ ಮಂಡಕ್ಕಿ ಹೊಗಳಿದರೆ ಸುಮ್ಮನಿರುವುದುಂಟೆ? ನಾನು ನಮ್ಮ ಮಂಡಕ್ಕಿ ಮೆಣಸಿನಕಾಯಿಯ ಮಹಿಮೆ ಹೇಳಿದೆ. ಅವರು ಒಂದು ಮುಷ್ಟಿ ನನ್ನ ಕೈಗೆ ಸುರಿದು, ತಿಂದು ಮಾತಾಡಿ ಅಂದರು. ತಿಂದೆ. ಅರ್ಧ ಸೋತೆ. ಇನ್ನೊಂದು ಮುಷ್ಟಿ ಸುರಿದರು. ಪೂರ್ತಿ ಸೋತೆ.

ಅವರು ಜೈನರು, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನನ್ನ ಮಾತು ಕೇಳಿ, ನಮ್ಮ ಅಜ್ಜಿ ಹಿಂಗ ಮಾತಾಡ್ತಿದ್ಲು ಎಂದು ನಕ್ಕರು. ಇಚಲಕರಂಜಿಯಲ್ಲಿ ಯಾರ ಮನೆಗೆ ಎಂದು ಕೇಳಿದರು. ಶಾಂತವ್ವನ ಖಾನಾವಳಿ ಅಂದೆ. ಅವರ ಬಾಯಿ ಅರ್ಧಕ್ಕೆ ನಿಂತಿತು.

"ಅಕಿ ನಿಮಗ ಏನಾಗಬೇಕ್ರಿ?"

"ಅಕ್ಕ."

ಅವರು ಕೈ ಒರೆಸಿಕೊಂಡು ಫೋನು ತೆಗೆದರು. ಸ್ವಲ್ಪ ಹುಡುಕಿ ನನ್ನ ಮುಂದೆ ಹಿಡಿದರು.

ಗುರುತಿಲ್ಲದ ಮನುಷ್ಯನ ಫೋನಿನಲ್ಲಿ ನಮ್ಮ ಅಕ್ಕನ ಮುಖ. ಅದೇ ದೊಡ್ಡ ಕುಂಕುಮ, ಅದೇ ಎಡಗೈ ಸೊಂಟದ ಮೇಲೆ. ಯಾವುದೋ ಸಭೆಯಲ್ಲಿ ಎದ್ದು ನಿಂತು ಮಾತಾಡುತ್ತಿದ್ದಾಳೆ. ಮಗ್ಗಗಳನ್ನೆಲ್ಲ ಮುಚ್ಚಿಸಿಯೇ ತೀರುತ್ತೇನೆ, ನಿಮ್ಮ ಅನ್ನ ಹೋದರೆ ನನಗೇನು, ನನಗೆ ಕೊಡುವವರು ಕೊಟ್ಟಿದ್ದಾರೆ ಎನ್ನುತ್ತಿದೆ ದನಿ. ಹೆಂಗಸಿನ ದನಿ, ಆದರೆ ಅಕ್ಕನ ದನಿಯಲ್ಲ. ಕೆಳಗೆ ಮರಾಠಿಯಲ್ಲೂ ಕನ್ನಡದಲ್ಲೂ ಕೆಂಪು ಅಕ್ಷರ: ಇವಳು ಕರ್ನಾಟಕದಿಂದ ಬಂದವಳು. ಇವಳ ಕಡೆ ಉಂಡವನು ಮಗ್ಗದ ವೈರಿ.

ನಾನು ಫೋನನ್ನು ಅವರ ಕೈಯಿಂದ ತೆಗೆದುಕೊಂಡು ಇನ್ನೊಮ್ಮೆ ನೋಡಿದೆ. ಅವರು ನನ್ನ ಬೆನ್ನು ಸವರಿದರು. "ನಾ ಏನ್ ಇದನ್ನ ನಂಬಿಲ್ರಿ. ಅಕಿ ಕೈಯಾಗ ನಾನೂ ಎಷ್ಟೋ ಸಲ ಉಂಡೇನಿ. ಆದ್ರ ಮಂದಿ ನಂಬ್ಯಾರ ನೋಡ್ರಿ."

ಅಷ್ಟು ಹೇಳಿದ್ದಕ್ಕೇ ನಾನು ಅವರಿಗೆ ಕೈಮುಗಿದೆ. ಒಬ್ಬರಾದರೂ ನಂಬದವರು ಸಿಕ್ಕರಲ್ಲ ಎಂದು.

ಇಚಲಕರಂಜಿ

ಅಕ್ಕನ ಖಾನಾವಳಿ ಒಂದು ಉದ್ದನೆಯ ಕೋಣೆ. ಎರಡು ಬದಿ ಬೆಂಚು, ತುದಿಯಲ್ಲಿ ಒಲೆ. ಊಟದ ಹೊತ್ತಿಗೇ ಹೋಗಿದ್ದೆ. ಬೆಂಚಿನ ಮೇಲೆ ಒಂದು ಬೆಕ್ಕು ಮಲಗಿತ್ತು.

"ಬಾ ತಮ್ಮಾ, ಕುಂದ್ರು. ಜಾಗಾ ಭಾಳ ಐತಿ, ಎಲ್ಲಿ ಬೇಕಲ್ಲಿ ಕುಂದ್ರು" ಅಂದಳು ಅಕ್ಕ.

ಜೋಳದ ಭಕ್ರಿ, ಕಡಲೆಹಿಟ್ಟಿನ ಝುಣಕ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಬರುವವರು ಇಲ್ಲದಿದ್ದರೂ ಭಕ್ರಿಯ ರಾಶಿ ಎಂದಿನಷ್ಟೇ ಬಡಿದಿಟ್ಟಿದ್ದಳು. ಸಂಜೆ ಅದನ್ನು ಗೌಳಿಗರ ಎಮ್ಮೆಗೆ ಹಾಕುತ್ತಾಳಂತೆ. ಊರಾಗ ಈಗ ಎಮ್ಮಿಗೋಳೊಂದ ನನ್ನ ಗಿರಾಕಿ ಎಂದು ನಕ್ಕಳು. ನಾನು ಉಂಡೆ. ಏನು ಉಂಡೆನೋ ತಿಳಿಯಲಿಲ್ಲ.

ಭಾವ ಮಲ್ಲಪ್ಪ ಎದುರಿನ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುವ ಕೂಲಿ ಕೆಲಸದಲ್ಲಿದ್ದಾರೆ. ಇಷ್ಟು ವರ್ಷ ಮಗ್ಗದ ಸದ್ದಿನಲ್ಲಿ ನಿಂತು ಕಿವಿ ಮುಕ್ಕಾಲು ಹೋಗಿದೆ. ಅವರ ಸಂಗಡ ಮಾತಾಡಬೇಕೆಂದರೆ ಮುಖ ಎದುರಿಗಿದ್ದರೆ ಸಾಕು, ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾರೆ. ನಿಮ್ಮಕ್ಕ ಬೈಯಾಕತ್ತಿದ್ರ ನಾ ಆ ಕಡೆ ತಿರುಗಿಬಿಡ್ತೇನಿ ಎಂದು ನನಗೆ ಗುಟ್ಟು ಹೇಳಿದರು.

ನಡೆದದ್ದು ಇಷ್ಟು. ಓಣಿಯ ತುದಿಯಲ್ಲೊಂದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅದರ ನೀರು ಗಟಾರಕ್ಕೆ, ಗಟಾರದಿಂದ ಓಣಿಯ ಬೋರಿಗೆ. ಒಂದು ದಿನ ಬೋರಿನ ನೀರು ಗುಲಾಬಿ, ಇನ್ನೊಂದು ದಿನ ನೀಲಿ. ಅಕ್ಕ ಇಟ್ಟ ಅನ್ನ ಒಮ್ಮೆ ಹೋಳಿ ಆಡಿದಂತೆ ಎದ್ದಿತಂತೆ. ಅಕ್ಕ ಓಣಿಯವರ ಸಭೆಯಲ್ಲಿ ಎದ್ದು ನಿಂತು, ಬಣ್ಣದ ನೀರನ್ನು ಶುದ್ಧ ಮಾಡಿ ಬಿಡಿ, ನಿಮ್ಮ ಕೆಲಸವೂ ನಡೆಯಲಿ, ನಮ್ಮ ಮಕ್ಕಳೂ ಕುಡಿಯಲಿ ಅಂದಿದ್ದಳು. ಅದನ್ನು ಯಾರೋ ಫೋನಿನಲ್ಲಿ ಹಿಡಿದರು. ಯಾರೋ ದನಿ ಬದಲಿಸಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ. ಕಾರ್ಖಾನೆಯ ಮಾಲಕರೂ ತಾವಲ್ಲ ಎಂದು ದೇವರ ಮೇಲೆ ಆಣೆ ಮಾಡಿದ್ದಾರಂತೆ.

ಮುಚ್ಚಿಸುತ್ತೇನೆ ಎನ್ನುವ ಮಾತು ಎಂಥದ್ದು ಎಂದು ದಾವಣಗೆರೆಯವರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತಿ ಗಿರಣಿಗಳ ಸೀಟಿ ನಿಂತ ಊರು ನಮ್ಮದು. ಗಿರಣಿಯಿದ್ದ ಕಡೆ ಈಗ ಮದುವೆ ಮಂಟಪ, ಸೈಟುಗಳು. ಹಾಗಾಗಿ ನನಗೆ ಈ ಊರಿನವರ ಮೇಲೆ ಸಿಟ್ಟು ಬರಲಿಲ್ಲ. ಹೆದರಿದ್ದಾರೆ, ನಂಬಿದ್ದಾರೆ, ಕೂತು ಮಾತಾಡಿದರೆ ತಿಳಿದುಕೊಳ್ಳುತ್ತಾರೆ ಅಂದುಕೊಂಡೆ. ಅಷ್ಟೇ ನನ್ನ ಬುದ್ಧಿ.

ಅಕ್ಕನಿಗೆ ಇನ್ನೂ ದೊಡ್ಡ ಪೆಟ್ಟು ಬಾಗಿಲಲ್ಲಿತ್ತು. ಖಾನಾವಳಿಯ ಕೋಣೆ ಗಡಹಿಂಗ್ಲಜದ ಒಬ್ಬ ಮೆಣಸಿನಕಾಯಿ ದಲಾಲರದ್ದು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಕೋಣೆ ಬಿಡುವ ಮಾತಾಡಲು ಬಂದು ಹೋಗು ಎಂದು ಕಾಕಾ ಹೇಳಿಕಳಿಸಿದ್ದರು. ಕೋಣೆ ಹೋದರೆ ಅಕ್ಕನಿಗೆ ಆ ಊರಿನಲ್ಲಿ ಬೇರೆ ಒಲೆಯಿಲ್ಲ.

ಇಚಲಕರಂಜಿ, ಮರುದಿನ

ನಂಬಿದವರನ್ನು ಹುಡುಕಿ ಮಾತಾಡಿಸುತ್ತೇನೆಂದು ಬೆಳಿಗ್ಗೆಯೇ ಹೊರಟೆ.

ಮೊದಲು ಸಿಕ್ಕದ್ದು ಮೈಕಿನ ಕಹಳೆ ಕಟ್ಟಿದ ರಿಕ್ಷಾ. ಹೊರಗಿನವರ ಮಾತಿಗೆ ಮರುಳಾಗಬೇಡಿ, ಮಗ್ಗ ಉಳಿಸಿ ಎಂದು ಅದರೊಳಗಿನ ದನಿ ಕಿರುಚುತ್ತಿತ್ತು. ನಾನು ಅಡ್ಡ ನಿಂತು ಕೈಮಾಡಿ ನಿಲ್ಲಿಸಿದೆ. ವಾದ ಮಾಡುವ ಸಿದ್ಧತೆಯಲ್ಲಿದ್ದೆ. ಓಡಿಸುವವನ ಎರಡೂ ಕಿವಿಯಲ್ಲಿ ನೂಲಿನ ಉಂಡೆ. ಒಂದನ್ನು ಕಿತ್ತು, ಏನು ಎಂಬಂತೆ ನೋಡಿದ. ಯಾರು ಹೇಳಿಸುತ್ತಿರುವುದು ಎಂದು ಕೇಳಿದೆ. "ಮಲಾ ಕಾಯ್ ಮಾಹಿತ" ಅಂದ. ನನಗೇನು ಗೊತ್ತು ಅಂತ. ಪೆನ್‌ಡ್ರೈವು ಯಾರದೋ ಕೈಯಿಂದ ಬಂದಿದೆ, ಸಿಕ್ಕಿಸಿದ್ದಾನೆ. ಏನು ಹೇಳುತ್ತಿದೆ ಎಂದು ಅವನೇ ನನ್ನನ್ನು ಕೇಳಿದ. ನಾನು ಹೇಳಿದೆ. ತಲೆ ಅಲ್ಲಾಡಿಸಿ, ಉಂಡೆಯನ್ನು ಮತ್ತೆ ತುರುಕಿಕೊಂಡು ಹೋದ. ನಾನು ರಸ್ತೆಯಲ್ಲಿ ನಿಂತೇ ಇದ್ದೆ. ಆ ದನಿಗೆ ಉತ್ತರ ಕೊಡಬೇಕೆಂದರೆ ಯಾರ ಮುಖ ನೋಡಿ ಕೊಡಬೇಕು?

ಆಮೇಲೆ ಭಾವ ದುಡಿಯುವ ಶೆಡ್ಡಿಗೆ ಹೋದೆ. ಬಾಗಿಲು ದಾಟಿದ ಕೂಡಲೇ ಸದ್ದು ಎದೆಗೆ ಗುದ್ದಿತು. ನನ್ನ ಮಾತು ನನಗೇ ಕೇಳಲಿಲ್ಲ. ಆದರೆ ಒಳಗೆ ಎಲ್ಲರೂ ಹಾಯಾಗಿ ಹರಟುತ್ತಿದ್ದರು. ಈ ಮೂಲೆಯವನು ತುಟಿ ಆಡಿಸಿದರೆ ಆ ಮೂಲೆಯವನು ನಗುತ್ತಾನೆ. ಬೆರಳೆತ್ತಿದರೆ ಚಹಾ, ಕುತ್ತಿಗೆ ಮುಟ್ಟಿಕೊಂಡರೆ ಮಾಲಕರು ಬಂದರು ಅಂತ. ಹೆಂಡಿರ ದೂರು, ನಿನ್ನೆಯ ಕ್ರಿಕೆಟ್ಟು, ಎಲ್ಲವೂ ದನಿಯಿಲ್ಲದೆ ಎಂದು ಭಾವ ಆಮೇಲೆ ಬಿಡಿಸಿ ಹೇಳಿದರು. ಈ ಊರಿನಲ್ಲಿ ಅದು ಯಾರ ವಿಶೇಷ ವಿದ್ಯೆಯೂ ಅಲ್ಲ. ಮಗ್ಗದ ಮುಂದೆ ನಿಂತವರಿಗೆಲ್ಲ ಬರುತ್ತದೆ. ಅಕ್ಕನಿಗೂ ಬರುತ್ತದೆ, ಖಾನಾವಳಿ ಹಾಕುವ ಮುಂಚೆ ಅವಳೂ ಇಲ್ಲೇ ದುಡಿದವಳು.

ತೇರದಾಳದ ಬಸು ಎಂಬವನು ಬಹಳ ವರ್ಷ ಅಕ್ಕನ ಕೈಯಲ್ಲಿ ಉಂಡವನು. ಈಗ ಶೆಡ್ಡಿನ ಹಿಂದೆ ಗೋಡೆಗೆ ಮುಖ ಮಾಡಿ ಬ್ರೆಡ್ಡಿನ ಪಾವನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ನಾನು ಎದುರು ಹೋಗಿ ಕೂತೆ. ನನ್ನ ಭಾಷಣ ಶುರುಮಾಡುವ ಮೊದಲೇ ಅವನು ಕೈ ಅಡ್ಡ ತಂದ.

"ನನಗ ಹೇಳಬ್ಯಾಡ್ರಿ. ಆ ವಿಡಿಯೋ ನೋಡಿದ ಕೂಡ್ಲೆ ಗೊತ್ತಾತು. ದನಿ ಒಂದ ಹೇಳ್ತೈತಿ, ತುಟಿ ಒಂದ ಹೇಳ್ತೈತಿ. ನೀರು ಶುದ್ಧ ಮಾಡಿ ಬಿಡ್ರಿ ಅಂತಾಳ ಅಕ್ಕ. ನಮಗ ತುಟಿ ಓದಾಕ ಬರಂಗಿಲ್ಲೇನ್ರಿ?"

"ಮತ್ತೆ ಊಟಕ್ಕೆ ಯಾಕೆ ಬರವಲ್ಲಿ?"

"ಮಾಲಕರು ನಂಬ್ಯಾರಲ್ಲ. ಅಲ್ಲೆ ಕುಂತದ್ದ ಕಂಡ್ರ ನಾಳಿ ಮಗ್ಗ ಕಸ್ಕೋತಾರ."

ಸರಿ, ನಂಬಿದವರು ಮಾಲಕರು ಎಂದು ಅವರ ಗಾಜಿನ ಕೋಣೆಗೆ ಹೋದೆ. ಅವರೂ ಮೊದಲು ಮಗ್ಗ ನಡೆಸಿ ಮೇಲೆ ಬಂದವರು. ಛೇ, ಅದು ಸುಳ್ಳು ಅಂತ ನನಗೆ ಗೊತ್ತಿಲ್ಲವೇ, ಆದರೆ ಕೆಲಸಗಾರರು ನಂಬಿ ಕೆರಳಿದ್ದಾರೆ, ನಾನು ಶಾಂತಾಬಾಯಿಯ ಪರ ಮಾತಾಡಿದರೆ ಮಗ್ಗ ನಿಲ್ಲಿಸಿಬಿಡುತ್ತಾರೆ ಅಂದರು. ಚಹಾದಂಗಡಿಯವನು, ತಾನು ನಂಬಿಲ್ಲ, ಓಣಿಯ ಹೆಂಗಸರು ನಂಬಿದ್ದಾರೆ ಅಂದ. ಬೋರಿನ ಹತ್ತಿರ ಕೊಡ ಇಟ್ಟುಕೊಂಡಿದ್ದ ಹೆಂಗಸರು, ತಾವು ನಂಬಿಲ್ಲ, ಗಂಡಸರು ನಂಬಿದ್ದಾರೆ ಅಂದರು. ಅವರ ಕೊಡದಲ್ಲಿ ನೀರು ಅವತ್ತು ತಿಳಿ ಹಸಿರಾಗಿತ್ತು. ಅಕ್ಕ ನಿಂತು ಮಾತಾಡಿದ್ದು ಅವರ ಕೊಡಕ್ಕಾಗಿ.

ಸಂಜೆಯವರೆಗೆ ತಿರುಗಿದೆ. ಹೊಸ ಚಪ್ಪಲಿ ಕಚ್ಚಿ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಿತು. ನಂಬಿದವನು ಒಬ್ಬನೂ ಸಿಗಲಿಲ್ಲ. ಪ್ರತಿಯೊಬ್ಬನೂ ಬೆರಳು ಮಾಡಿ ಮುಂದಿನ ಮನೆ ತೋರಿಸಿದ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಯಿತು. ಊರೆಲ್ಲ ನಂಬಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ನಂಬಿದವನಿಗೆ ಎದುರು ಕೂತು ಹೇಳಬಹುದು, ಸಾಕ್ಷಿ ತೋರಿಸಬಹುದು, ಬೈದಾಡಬಹುದು, ಕೊನೆಗೆ ಓಣಿಯ ತುದಿಯವರೆಗೆ ನಡೆದು ನೋಡು ಅನ್ನಬಹುದು. ನಂಬದವನಿಗೆ ಏನೆಂದು ಹೇಳುವುದು?

ಆಗ ಕೊಲ್ಹಾಪುರದ ಆ ಮುದುಕರು ನೆನಪಾದರು. ಅವರಿಗೆ ನನ್ನ ಒಪ್ಪಿಗೆ ಬೇಕಿತ್ತು. ಭಡಂಗದವರಿಗೆ ನನ್ನ ನಾಲಿಗೆ ಒಪ್ಪಬೇಕಿತ್ತು. ಈ ವಿಡಿಯೋ ಮಾಡಿದವರಿಗೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ. ಪ್ರತಿಯೊಬ್ಬನೂ ಪಕ್ಕದವನು ಒಪ್ಪಿದ್ದಾನೆ ಅಂದುಕೊಂಡರೆ ಅವರ ಕೆಲಸ ಮುಗಿಯಿತು. ಮನಸ್ಸು ಬದಲಿಸುವ ಕಷ್ಟವೇ ಅವರಿಗಿಲ್ಲ. ನಾನು ಇಷ್ಟು ದಿನ ಪ್ರಚಾರ ಅಂದರೆ ದೊಡ್ಡ ದನಿಯ ಮಾತು ಅಂದುಕೊಂಡಿದ್ದೆ. ಅದು ಮಾತೇ ಅಲ್ಲ ಎಂದು ಅವತ್ತು ತಿಳಿಯಿತು. ಮಾತಾದರೆ ಕೇಳುವವನೊಬ್ಬ ಬೇಕು.

ಗಡಹಿಂಗ್ಲಜ

ಇಚಲಕರಂಜಿಯಿಂದ ಗಡಹಿಂಗ್ಲಜಕ್ಕೆ ಹೋಗುವ ಬಸ್ಸು ನಡುವೆ ಕರ್ನಾಟಕವನ್ನು ತುಳಿದುಕೊಂಡು ಹೋಗುತ್ತದೆ. ನನ್ನ ಫೋನು ಒಮ್ಮೆ ಕನ್ನಡನಾಡಿಗೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮಹಾರಾಷ್ಟ್ರಕ್ಕೆ ಸ್ವಾಗತಿಸಿತು. ಯಾವ ಕಡೆಗೂ ಬೇಡವಾದವಳು ನಾನೊಬ್ಬಳೇ ಎಂದು ಅಕ್ಕ ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. ತಮಾಷೆಗೇ ಹೇಳಿದ್ದು. ಇಬ್ಬರೂ ನಗಲಿಲ್ಲ.

ಕಾಕಾನ ಮುಂದೆ ನೀನೇ ಮಾತಾಡಬೇಕು, ನಿನಗೆ ಮಾತು ಕಟ್ಟಲು ಬರುತ್ತದೆ ಎಂದು ಅಕ್ಕ ನನ್ನನ್ನು ಕರೆದುಕೊಂಡು ಹೊರಟಿದ್ದಳು. ನಾನು ದಾರಿಯುದ್ದಕ್ಕೂ ಕಟ್ಟಿದೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಒಲೆಗೆ ಸುಟ್ಟ ಅಕ್ಕನ ಕೈಯ ಗಾಯ ತೋರಿಸಬೇಕು, ಎಲ್ಲ ತಯಾರಿತ್ತು. ಆದರೆ ಕಾಕಾನ ಮನೆಯ ಪಡಸಾಲೆಯ ತುಂಬ ಮೆಣಸಿನಕಾಯಿ ಚೀಲಗಳು. ಅದೂ ಆ ಕಡೆಯ ಸಂಕೇಶ್ವರಿ ಮೆಣಸಿನಕಾಯಿ, ಉದ್ದಕ್ಕೆ, ಸುಕ್ಕುಸುಕ್ಕಾಗಿ. ಕಾಕಾ ಅದರ ನಡುವೆ ಗಾದಿಗೆ ಒರಗಿ ಹಾಯಾಗಿ ಉಸಿರಾಡುತ್ತ ಕೂತಿದ್ದರು. ನಾನು, ಕಾಕಾ, ತಾವು ಹಿರಿಯರು ಎಂದು ಶುರುಮಾಡಿ ಒಂದು ಸೀನಿದೆ. ಆಮೇಲೆ ನಿಲ್ಲಲಿಲ್ಲ. ಕಣ್ಣು, ಮೂಗು ಎಲ್ಲ ಹರಿಯತೊಡಗಿತು. ಒಳಗಿನಿಂದ ಬೆಲ್ಲ, ನೀರು ಬಂತು. ಕಾಕಾನ ಮನೆಯವರು ಬಾಗಿಲಿಗೆ ಬಂದು ನಿಂತು, ಪಾಪ, ಅಕ್ಕನ ಸಲುವಾಗಿ ಎಷ್ಟು ಅಳಾಕತ್ತಾರ ಅಂದರು. ನನ್ನ ಭಾಷಣ ಅಷ್ಟಾದರೂ ಫಲ ಕೊಟ್ಟಿತು.

ಕಾಕಾ ಅಕ್ಕನ ಕಡೆ ತಿರುಗಿದರು. "ಶಾಂತಾ, ನಾ ಅದನ್ನ ನಂಬೇನಂತ ತಿಳ್ಕೊಂಡಿ ಏನು? ನಂಬಿಲ್ಲವ್ವ. ಆದ್ರ ಊರ ನಂಬೇತಿ. ಮಂದಿ ಕಾಲಿಡದ ಖೋಲಿಗೆ ನಾಳೆ ಬ್ಯಾರೆ ಯಾರ ಬಾಡಿಗಿಗೆ ಬರ್ತಾರ?"

ನನಗೆ ಸೀನು ನಿಂತುಹೋಯಿತು. ಇಷ್ಟು ದೂರ, ಎರಡು ಗಡಿ ದಾಟಿ ಬಂದರೂ ಅದೇ ಮಾತು. ಯಾರು ನಂಬಿದ್ದಾರೆ, ಒಬ್ಬರ ಹೆಸರು ಹೇಳಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಎಲ್ಲರೂ, ಎಂದರು.

ಕೊನೆಗೆ ಒಂದು ತೀರ್ಮಾನ ಹೇಳಿದರು. ನಾಡಿದ್ದು ಮಧ್ಯಾಹ್ನ ತಾವೇ ಬರುತ್ತಾರೆ. ಬೆಂಚಿನ ಮೇಲೆ ಉಣ್ಣುವವರು ಕಂಡರೆ ಕೋಣೆ ಅಕ್ಕನದು. ಇಲ್ಲದಿದ್ದರೆ ಅವತ್ತೇ ಕೀಲಿ ಕೊಡಬೇಕು.

ಮರಳುವ ಬಸ್ಸಿನಲ್ಲಿ ನನಗೊಂದು ಉಪಾಯ ಹೊಳೆಯಿತು. ನಾವೂ ಒಂದು ವಿಡಿಯೋ ಮಾಡೋಣ ಅಂದೆ. ಬಣ್ಣದ ಕಾರ್ಖಾನೆಯ ಮಾಲಕರೇ ಇದನ್ನೆಲ್ಲ ಮಾಡಿಸಿದ್ದು, ಮಗ್ಗದವರನ್ನು ಓಡಿಸಿ ಆ ಜಾಗ ಮಾರುವ ಸಂಚು ಇದೆ 'ಅಂತೆ' ಎಂದು ಹಾಕೋಣ. ಹೇಳುವ ರೀತಿಯಲ್ಲಿ ಹೇಳಿದರೆ ಊರು ತಿರುಗುತ್ತದೆ. ಕಥೆ ಕಟ್ಟುವುದು ನನಗೆ ಬಿಡು.

ಅಕ್ಕ ನನ್ನನ್ನು ಗುರುತು ಸಿಗದವಳಂತೆ ನೋಡಿದಳು. "ಅವರು ನನ್ನ ಬಾಯಾಗ ಇಲ್ಲದ ಮಾತು ಹಾಕಿದ್ರು. ನೀ ಇನ್ನೊಬ್ಬರ ಬಾಯಾಗ ಹಾಕಾಕ ಹೊಂಟಿ. ಇದರಾಗ ಆ ಮಗ್ಗದ ಮಂದೀನ್ನ ಎಲ್ಲಾರ ಮುಂದ ಕೇಳಿದವರು ಯಾರೋ?"

ಬಸ್ಸಿಳಿಯುವಾಗ, ನಾ ಹೋಗಿ ಕೇಳ್ತೇನಿ ಅಂದಳು.

ಮತ್ತೆ ಇಚಲಕರಂಜಿ

ಮರುದಿನ ಅಕ್ಕ ತಲೆಗೆ ಸೆರಗು ಹೊದ್ದು ಶೆಡ್ಡಿನೊಳಗೆ ನಡೆದಳು. ನಾನು ಅವಳ ಹಿಂದೆ. ಮಗ್ಗಗಳು ಎಂದಿನಂತೆ ಬಡಿಯುತ್ತಿದ್ದವು. ಎಲ್ಲರಿಗೂ ಕಾಣುವಂತೆ ನಡುವಿನ ಹಾದಿಯಲ್ಲಿ ನಿಂತು, ಬಸುವಿನ ಕಡೆ ತಿರುಗಿ, ದನಿಯಿಲ್ಲದೆ ತುಟಿ ಆಡಿಸಿದಳು. ಏನು ಕೇಳುತ್ತಾಳೆಂದು ನನಗೆ ಮೊದಲೇ ಹೇಳಿದ್ದಳು. ನಾ ಮಗ್ಗ ಮುಚ್ಚಸ್ತೇನಂತ ನೀ ನಂಬೀ ಏನು?

ಬಸು ಆ ಕಡೆ ಈ ಕಡೆ ನೋಡಿದ. ಗಾಜಿನ ಕೋಣೆಯ ಕಡೆ ನೋಡಿದ. ಆಮೇಲೆ ಗದ್ದದ ಕೆಳಗಿಂದ ಬೆರಳನ್ನು ಹೊರಗೆ ಚಿಮ್ಮಿದ. ಶೆಡ್ಡಿನ ಭಾಷೆಯಲ್ಲಿ ಅದು ಇಲ್ಲ. ಅಕ್ಕ ಮುಂದಿನವನನ್ನು ಕೇಳಿದಳು. ಅವನು ಬಸುವನ್ನು ನೋಡಿದ್ದ. ಅವನೂ ಚಿಮ್ಮಿದ. ಅದರ ಮುಂದಿನವನು, ನೂಲು ಸುತ್ತುವ ಹೆಂಗಸರು, ಎಣ್ಣೆ ಹಾಕುವವನು. ಹೊರಗೆ ಬೀದಿಯಲ್ಲಾದರೆ ಒಬ್ಬನ ಕಿವಿಗೆ ಹೇಳಿದ್ದು ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಇಲ್ಲಿ ಗುಟ್ಟೆಂಬುದೇ ಇಲ್ಲ. ಯಾರು ಏನಂದರೂ ಶೆಡ್ಡಿಗೆಲ್ಲ ಕಾಣುತ್ತದೆ. ಪ್ರತಿಯೊಬ್ಬನೂ ಉಳಿದವರ ಬೆರಳನ್ನು ನೋಡುತ್ತ, ನೀನೂ ನಂಬಿಲ್ಲವೇ, ನೀನೂ ಇಲ್ಲವೇ ಎಂದು ಬೆರಗಾಗುತ್ತಿದ್ದುದು ನನ್ನಂಥ ಹೊರಗಿನವನಿಗೂ ತಿಳಿಯಿತು. ಕೊನೆಗೆ ಅಕ್ಕ ಗಾಜಿನ ಆ ಬದಿಯಲ್ಲಿ ನಿಂತಿದ್ದ ಮಾಲಕರನ್ನೂ ಕೇಳಿದಳು. ಅವರ ಬೆರಳೂ ಗದ್ದದ ಕೆಳಗಿಂದ ಚಿಮ್ಮಿತು. ಯಾರೋ ನಗಲು ಶುರುಮಾಡಿದರು. ಬಾಯಿ ತೆರೆದು, ಹೊಟ್ಟೆ ಹಿಡಿದು ಎಲ್ಲರೂ ನಗುತ್ತಿದ್ದರು, ಮಗ್ಗದ ಸದ್ದಿನಲ್ಲಿ ಒಂದು ನಗುವೂ ಕೇಳುತ್ತಿರಲಿಲ್ಲ.

ಭಾವನ ಮಗ್ಗದ ಮುಂದೆ ಮಾತ್ರ ಅವಳು ನಿಲ್ಲಲಿಲ್ಲ. ಗಂಡನನ್ನು ಏನು ಕೇಳುವುದು ಅಂದುಕೊಂಡಿರಬೇಕು ಎಂದುಕೊಂಡೆ.

ಕಾಕಾ ಬರುವ ಮಧ್ಯಾಹ್ನ ಬೆಂಚು ತುಂಬಿತ್ತು. ಬಸು ಬಂದ, ಅವನ ಹಿಂದೆ ಶೆಡ್ಡಿಗೆ ಶೆಡ್ಡೇ ಬಂತು. ಕಾಕಾ ಬಾಗಿಲಲ್ಲಿ ನಿಂತು ಕನ್ನಡಕ ಒರೆಸಿಕೊಂಡರು. ಅಕ್ಕ ಅವರಿಗೂ ಒಂದು ತಾಟು ಹಾಕಿದಳು. ಭಾವ ಮೂಲೆಯಲ್ಲಿ ಕೂತಿದ್ದರು.

ಎಲ್ಲರೂ ಸಡಗರದಲ್ಲಿದ್ದಾಗ ನಾನೇ ಬಾಯಿ ಬಿಟ್ಟೆ. ಯಾರೂ ನಂಬಿಲ್ಲ ಎಂದರೆ ಆ ವಿಡಿಯೋ ಊರ ತುಂಬ ಓಡಾಡಿದ್ದು ಹೇಗೆ ಎಂದು ಕೇಳಿದೆ. ಬಸು ಭಕ್ರಿ ಮುರಿಯುತ್ತ ನೆಲ ನೋಡಿಕೊಂಡು ಹೇಳಿದ.

"ನಾನೂ ಕಳಿಸಿದ್ನ್ರಿ, ನಾಕ್ ಮಂದಿಗೆ. ಕಳಿಸದಿದ್ರ ಅಕಿ ಕಡೆಯವ ಅಂತಿದ್ರು."

ನಾನೂ ಎಂದರು ಪಕ್ಕದವರು. ನಾನೂ, ನಾನೂ ಎಂದು ಬೆಂಚಿನುದ್ದಕ್ಕೂ ಹೋಯಿತು. ಸುಳ್ಳೆಂದು ತುಟಿ ಓದಿ ತಿಳಿದುಕೊಂಡ ಕೈಗಳೇ ಅದನ್ನು ಮುಂದೆ ದಾಟಿಸಿದ್ದವು.

ಅಕ್ಕ ಪಲ್ಯದ ಪಾತ್ರೆ ಹಿಡಿದು ಬರುತ್ತಿದ್ದವಳು ಭಾವನ ಮುಂದೆ ನಿಂತಳು. ದನಿಯಿಲ್ಲದೆ ಏನೋ ಅಂದಳು. ಒಂದೆರಡು ಮಾತು. ಬೆಂಚಿನ ಮೇಲಿದ್ದವರೆಲ್ಲ ಅಗಿಯುವುದನ್ನು ನಿಲ್ಲಿಸಿದರು. ಭಾವ ಅವಳ ತುಟಿಯನ್ನೇ ನೋಡುತ್ತಿದ್ದರು, ಈ ಸಲ ಆ ಕಡೆ ತಿರುಗಲಿಲ್ಲ. ಆಮೇಲೆ ತಾಟನ್ನು ಮುಂದಕ್ಕೆ ದೂಡಿದರು. ಅಕ್ಕ ಒಂದು ಸೌಟು ಪಲ್ಯ ಹಾಕಿ ಮುಂದೆ ಹೋದಳು.

ಆ ಕೋಣೆಯಲ್ಲಿ ಅರ್ಥವಾಗದವರು ಇಬ್ಬರೇ, ನಾನು ಮತ್ತು ಕಾಕಾ. ಏನಂದ್ಲು ಎಂದು ಕಾಕಾ ನನ್ನನ್ನು ಕೇಳಿದರು. ಗೊತ್ತಿಲ್ಲ ಅಂದೆ. ಅವರು ಕೈ ತೊಳೆದು, ಕೀಲಿ ನಿನ್ನ ಕಡೆಯೇ ಇರಲಿ ಎಂದು ಅಕ್ಕನಿಗೆ ಹೇಳಿ ಹೊರಟರು.

ಸಂಜೆ ನನ್ನನ್ನು ಬಸ್ ನಿಲ್ದಾಣಕ್ಕೆ ಬಿಡಲು ಬಸು ಬಂದ. ಬಸ್ಸು ಹತ್ತಿ ಕೂತ ಮೇಲೆ ಕಿಟಕಿಯಿಂದ ಬಗ್ಗಿ ಕೇಳಿಯೇಬಿಟ್ಟೆ, ಅಕ್ಕ ಭಾವನಿಗೆ ಏನಂದಳು ಎಂದು. ಅವನು ಹೇಳಲೋ ಬೇಡವೋ ಎಂದು ಕಿಟಕಿಯ ಸರಳನ್ನು ಸವರುತ್ತ ನಿಂತ. ಚಾಲಕ ಗಾಡಿ ಶುರುಮಾಡಿದ.

"'ನನಗ ಎಲ್ಲಾರಕಿಂತ ಮೊದಲ ಆ ವಿಡಿಯೋ ನಿನ್ನ ಫೋನಿಂದನ ಬಂತು. ಪಲ್ಯಾ ಹಾಕ್ಲೇನು?' ಅಂದ್ಲ್ರಿ."